ಓದುಗರ ಪ್ರಶ್ನೆ: ಪದರ ಪೆರೊವ್‌ಸ್ಕೈಟ್ ಬೆಳಗುವುದು ಹೇಗೆ, ಮಂಕಾಗುವುದು ಏಕೆ?

ಪ್ರಶ್ನೆ: ಪದರ ಪೆರೊವ್‌ಸ್ಕೈಟ್ ಹರಳಿನಲ್ಲಿ ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಜೊತೆಯಾಗಿಯೇ ಉಳಿಯುತ್ತವೆ ಎಂದು ಓದಿದೆ. ಮಾಮೂಲಿ ಪೆರೊವ್‌ಸ್ಕೈಟ್‌ನಲ್ಲಿ ಬೇರೆಯಾಗುವ ಅವು ಇಲ್ಲೇಕೆ ಬೇರೆಯಾಗುವುದಿಲ್ಲ?
— ಪಿಯು ಉಪನ್ಯಾಸಕಿ, ಸೋಮವಾರಪೇಟೆ

ಉತ್ತರ: ಇಲ್ಲಿ ಪೆರೊವ್‌ಸ್ಕೈಟ್ ಎಂದರೆ ಸೀಸ ಮತ್ತು ಅಯೋಡಿನ್ ಇರುವ, ಬೆಳಕನ್ನು ಹೀರಿ ಹೊಮ್ಮಿಸುವ ಹರಳು; ಪದರ ಬಗೆಯಲ್ಲಿ ಅದು ತೆಳು ಹಾಳೆಗಳಾಗಿ ಬೇರ್ಪಟ್ಟಿರುತ್ತದೆ. ನಿಮ್ಮ ಪ್ರಶ್ನೆಗೆ ಎರಡು ಕಾರಣಗಳಿವೆ. ಸೀಸ-ಅಯೋಡಿನ್ ಪದರದ ದಪ್ಪ ಸುಮಾರು 0.6 ನ್ಯಾನೊಮೀಟರ್ ಮಾತ್ರ. ಅದರ ಎರಡೂ ಬದಿಗೆ ಫಿನೈಲ್ ಈಥೈಲ್ ಅಮೋನಿಯಂ ಅಥವಾ ಬ್ಯೂಟೈಲ್ ಅಮೋನಿಯಂನಂಥ ಸಾವಯವ ಪದರ ಇರುತ್ತದೆ. ವಾಹಕಗಳು, ಅಂದರೆ ಎಲೆಕ್ಟ್ರಾನ್ ಮತ್ತು ಹೋಲ್, ಅದನ್ನು ಸುಲಭವಾಗಿ ದಾಟಲಾರವು. ಇದು ಮೊದಲ ಕಾರಣ. ಎರಡನೆಯದನ್ನು ಪಾಠದಲ್ಲಿ ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಆದರೆ ಅದರ ಪಾತ್ರವೂ ದೊಡ್ಡದು. ಎಲೆಕ್ಟ್ರಾನ್ ಮತ್ತು ಹೋಲ್ ನಡುವಿನ ವಿದ್ಯುತ್ ಕ್ಷೇತ್ರದ ಬಹುಪಾಲು ಈ ಸಾವಯವ ಪದರದ ಮೂಲಕ ಹಾದುಹೋಗುತ್ತದೆ. ಅಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಆಕರ್ಷಣೆಯನ್ನು ತಗ್ಗಿಸುವ ಗುಣದ ಅಳತೆ) ಕಡಿಮೆ, ಹಾಗಾಗಿ ಆಕರ್ಷಣೆಯನ್ನು ತಗ್ಗಿಸುವವರಿಲ್ಲ.

ಹೀಗೆ ಹುಟ್ಟುವ ಜೋಡಿಯೇ ಎಕ್ಸಿಟಾನ್. ಅದನ್ನು ಒಡೆಯಲು ಸುಮಾರು 200ರಿಂದ 400 ಮಿಲಿ ಎಲೆಕ್ಟ್ರಾನ್ ವೋಲ್ಟ್ ಬೇಕು. ಕೋಣೆಯ ಉಷ್ಣತೆ ಕೊಡುವುದು ಸುಮಾರು 26 ಮಾತ್ರ. ಮೀಥೈಲ್ ಅಮೋನಿಯಂ ಸೀಸ ಅಯೋಡೈಡ್‌ನಂಥ ಮೂರು ಆಯಾಮದ ಹರಳಿನಲ್ಲಿ ಈ ಬಂಧ 20ಕ್ಕಿಂತ ಕಡಿಮೆ. ಅದಕ್ಕೇ ಅಲ್ಲಿ ವಾಹಕಗಳು ಸ್ವತಂತ್ರವಾಗಿ ಓಡಾಡುತ್ತವೆ. ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಬಹುದಾದ ಗುರುತೂ ಒಂದಿದೆ: ಹೊಮ್ಮುವ ಬೆಳಕನ್ನು ಬೀಳುವ ಬೆಳಕಿನ ತೀವ್ರತೆಗೆ ಎದುರಾಗಿ ಲಾಗ್-ಲಾಗ್ ನಕ್ಷೆಯಲ್ಲಿ ಬರೆದರೆ ಎಕ್ಸಿಟಾನ್‌ಗೆ ಇಳಿಜಾರು 1ರ ಆಸುಪಾಸು ಬರುತ್ತದೆ. ಸ್ವತಂತ್ರ ವಾಹಕಗಳು ದೋಷಗಳಲ್ಲಿ ಸಿಕ್ಕಿಬೀಳುತ್ತಿದ್ದರೆ ಅದು 1ನ್ನು ದಾಟಿ 2ರ ಕಡೆಗೆ ಹೋಗುತ್ತದೆ. ತೀವ್ರತೆ ಅತಿಯಾದರೆ ಎಕ್ಸಿಟಾನ್‌ಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಬೆಳಕಿಲ್ಲದೆ ಅಳಿಯುತ್ತವೆ, ಇಳಿಜಾರು 1ಕ್ಕಿಂತ ಕೆಳಗಿಳಿಯುತ್ತದೆ.

ಪ್ರಶ್ನೆ: ಫಿನೈಲ್ ಈಥೈಲ್ ಅಮೋನಿಯಂ ಸೀಸ ಅಯೋಡೈಡ್ ಫಿಲ್ಮನ್ನು ಮಾರ್ಚ್‌ನಲ್ಲಿ ಮಾಡಿದಾಗ ಗಾಜಿನಂತೆ ಬಂದಿತ್ತು. ಜುಲೈಯಲ್ಲಿ ಅದೇ ವಿಧಾನದಲ್ಲಿ ಮಾಡಿದರೆ ಮಬ್ಬು, ಅಲ್ಲಲ್ಲಿ ಹಳದಿ ಕಲೆ. ಹಸಿರು ಬೆಳಕೂ ಕ್ಷೀಣ.
— ಎಂ.ಎಸ್ಸಿ. ವಿದ್ಯಾರ್ಥಿ, ಮಡಿಕೇರಿ

ಉತ್ತರ: ಮಳೆಗಾಲದ ತೇವವೇ ಕಾರಣ, ಆದರೆ ಅದು ಎರಡು ದಾರಿಯಲ್ಲಿ ಬರುತ್ತದೆ. ಎರಡನ್ನೂ ಬೇರೆಬೇರೆಯಾಗಿ ತಡೆಯಬೇಕು.

ಮೊದಲು ತೂಕದ ವಿಷಯ. ಫಿನೈಲ್ ಈಥೈಲ್ ಅಮೋನಿಯಂ ಅಯೋಡೈಡ್ ಗಾಳಿಯ ನೀರನ್ನು ಹೀರಿ ಅಂಟಂಟಾಗುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ನೀರಿದ್ದರೆ ನೀವು ತೂಗಿದ್ದರಲ್ಲಿ ಈ ಉಪ್ಪು ಅಷ್ಟು ಕಡಿಮೆ. ಸೀಸದ ಹತ್ತನೇ ಒಂದು ಭಾಗಕ್ಕೆ ಜೋಡಿ ಸಿಗದೆ ಸೀಸ ಅಯೋಡೈಡ್ ಆಗಿಯೇ ಉಳಿಯುತ್ತದೆ. ಆ ಹಳದಿ ಕಲೆ ಬಹುಶಃ ಅದೇ. ತಾಮ್ರದ ಎಕ್ಸ್-ರೇ ಇರುವ ಡಿಫ್ರಾಕ್ಟೋಮೀಟರ್‌ನಲ್ಲಿ ನೋಡಿ: 5.4, 10.8, 16.2 ಡಿಗ್ರಿಯ ಸಾಲು ಪದರ ಹರಳಿನದು. 12.7ರಲ್ಲಿ ಶಿಖರ ಎದ್ದಿದ್ದರೆ ಸೀಸ ಅಯೋಡೈಡ್ ಉಳಿದಿದೆ ಎಂದರ್ಥ. ಉಪ್ಪನ್ನು ಡೆಸಿಕೇಟರ್‌ನಲ್ಲಿಡಿ. ನೀಲಿ ಸಿಲಿಕಾ ಜೆಲ್ ಗುಲಾಬಿಯಾದ ಕೂಡಲೇ 120 ಡಿಗ್ರಿಯ ಓವನ್‌ನಲ್ಲಿ ಮತ್ತೆ ನೀಲಿಯಾಗುವ ತನಕ ಒಣಗಿಸಿ. ಮಡಿಕೇರಿಯ ಜುಲೈಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಎರಡನೆಯದು ಗಾಜನ್ನು ವೇಗವಾಗಿ ಸುತ್ತಿಸಿ ದ್ರಾವಣವನ್ನು ಹರಡುವಾಗಿನ ತೇವ. ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ದ್ರಾವಕ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಆಗ ಹರಳು ಒಂದೇ ಸಮನಾಗಿ ಹರಡದೆ ಗುಂಪುಗುಂಪಾಗಿ ಬೆಳೆದು ಬೆಳಕನ್ನು ಚದುರಿಸುತ್ತದೆ, ಕಣ್ಣಿಗೆ ಮಬ್ಬಾಗಿ ಕಾಣುತ್ತದೆ. 461 ಮಿಲಿಗ್ರಾಂ ಸೀಸ ಅಯೋಡೈಡ್, 498 ಮಿಲಿಗ್ರಾಂ ಉಪ್ಪು, ಒಣ ಡಿಎಂಎಫ್ 4 ಮಿಲಿಲೀಟರ್: ಇದರಿಂದ ಸುಮಾರು 0.25 ಮೋಲಾರ್ ದ್ರಾವಣ ಸಿಗುತ್ತದೆ. 70 ಡಿಗ್ರಿಯಲ್ಲಿ ತಿಳಿಯಾಗುವ ತನಕ ಕಲಕಿ, 0.45 ಮೈಕ್ರಾನ್ ಟೆಫ್ಲಾನ್ ಫಿಲ್ಟರ್‌ನಲ್ಲಿ ಸೋಸಿ. ಗಾಜನ್ನು ಸೋಪುನೀರು, ಬಟ್ಟಿ ಇಳಿಸಿದ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್‌ಗಳಲ್ಲಿ ಕ್ರಮವಾಗಿ ತೊಳೆದು, ಯುವಿ-ಓಝೋನ್‌ಗೆ 15 ನಿಮಿಷ ಒಡ್ಡಿ. ಈ ಕೊನೆಯ ಹಂತ ಬಿಟ್ಟರೆ ದ್ರಾವಣ ಹರಡದೆ ಹನಿಯಾಗಿ ನಿಲ್ಲುತ್ತದೆ. ನಿಮಿಷಕ್ಕೆ 4000 ಸುತ್ತಿನಲ್ಲಿ 30 ಸೆಕೆಂಡು ಸುತ್ತಿಸಿ, ತಡಮಾಡದೆ 100 ಡಿಗ್ರಿಯ ಹಾಟ್ ಪ್ಲೇಟ್ ಮೇಲೆ 10 ನಿಮಿಷ ಇಡಿ. ಸ್ಪಿನ್ ಕೋಟರ್‌ಗೆ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ ಒಣ ನೈಟ್ರೋಜನ್ ಹಾಯಿಸಿ. ಒಳಗಿನ ತೇವ ಶೇ. 40ಕ್ಕಿಂತ ಇಳಿದದ್ದನ್ನು ಹೈಗ್ರೋಮೀಟರ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಹನಿ ಹಾಕಿ.

ಬೆಳಕಿನ ಬಗ್ಗೆ ಇನ್ನೊಂದು ಮಾತು. ಈ ಅಯೋಡೈಡ್ ಫಿಲ್ಮು ಚೆನ್ನಾಗಿ ಬಂದರೂ ಕೋಣೆಯ ಉಷ್ಣತೆಯಲ್ಲಿ ತೀರಾ ಪ್ರಖರವಾಗಿ ಬೆಳಗುವುದಿಲ್ಲ. ಎಕ್ಸಿಟಾನ್‌ಗಳಲ್ಲಿ ಹೆಚ್ಚಿನವು ದೋಷಗಳಲ್ಲಿ, ಹರಳಿನ ಕಂಪನದಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ದ್ರವ ನೈಟ್ರೋಜನ್‌ನ 77 ಕೆಲ್ವಿನ್‌ಗೆ ತಂಪಾಗಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಇದೇ ಸಂಯುಕ್ತದ ನಮ್ಮ ದಪ್ಪ ಹರಳಿನಲ್ಲಿ 525 ನ್ಯಾನೊಮೀಟರ್ ಜೊತೆಗೆ 540ರ ಸುಮಾರಿಗೆ ಇನ್ನೊಂದು ಶಿಖರ ಬರುತ್ತಿದೆ. ಬೇರೆ ಹಂತದ (ಒಂದರ ಮೇಲೊಂದು ಸೇರಿದ ಸೀಸದ ಪದರಗಳ ಸಂಖ್ಯೆ ಬೇರೆಯಾದ) ಹರಳು ಬೆರೆತಿದೆಯೇ?
— ಸಂಶೋಧನಾ ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಅವಸರದಲ್ಲಿ ಹಾಗೆ ತೀರ್ಮಾನಿಸಬೇಡಿ. ಹರಳಿನ ಒಳಗೆ ಹುಟ್ಟಿದ ಬೆಳಕು ಹೊರಬರುವ ದಾರಿಯಲ್ಲಿ 515ರ ಸುಮಾರಿನ ಹೀರಿಕೆಯ ಶಿಖರಕ್ಕೆ ಹತ್ತಿರದ ಭಾಗವನ್ನು ಕಳೆದುಕೊಳ್ಳುತ್ತದೆ. ಉಳಿದದ್ದು ಕೆಂಪಿನ ಕಡೆಗೆ ಸರಿದಂತೆ ಕಾಣುತ್ತದೆ. ಸೆಲ್ಲೋಟೇಪಿನಿಂದ ತೆಳು ಹಾಳೆಯೊಂದನ್ನು ಸುಲಿದು ಮತ್ತೆ ಅಳೆಯಿರಿ. 540 ಮಾಯವಾದರೆ ಅದು ಮರುಹೀರಿಕೆಯ ಫಲ. ಮೀಥೈಲ್ ಅಮೋನಿಯಂ ಸೇರಿಸಿದ್ದರೆ ಮಾತ್ರ ಬೇರೆ ಹಂತಗಳ ಅನುಮಾನ ಬರಬೇಕು. ಎರಡು ಸೀಸದ ಪದರದ ಹಂತ 575ರ ಸುಮಾರಿಗೆ, ಮೂರರದು 615ರ ಆಸುಪಾಸಿಗೆ ಬೆಳಗುತ್ತದೆ, 540ಕ್ಕೆ ಅಲ್ಲ.

ಇಂಥ ಹಂತಗಳು ಬೆರೆತ ಫಿಲ್ಮಿನಲ್ಲಿ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿದಂತೆ, ದೊಡ್ಡ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ)‌ನ ತೆಳು ಪದರಗಳ ಶಕ್ತಿ ಚಿಕ್ಕ ಗ್ಯಾಪ್‌ನ ದಪ್ಪ ಪದರಗಳಿಗೆ ಪಿಕೊಸೆಕೆಂಡುಗಳಲ್ಲಿ ಹರಿಯುತ್ತದೆ. ಅಲ್ಲಿ ವಾಹಕಗಳು ಒತ್ತೊತ್ತಾಗಿ ಸೇರಿ, ದೋಷಗಳು ಹಿಡಿಯುವ ಮೊದಲೇ ಬೆಳಕಾಗುತ್ತವೆ. ಎಲ್‌ಇಡಿ ಮಾಡುವವರು ಬೇಕೆಂದೇ ಹಂತಗಳನ್ನು ಬೆರೆಸುವುದು ಇದಕ್ಕಾಗಿ.

ಪ್ರಶ್ನೆ: ಇದರ ಸೌರ ಫಲಕ ಕಾಫಿ ಕಣದ ಚಾವಣಿಗೆ ಆದೀತೇ?
— ಬೆಳೆಗಾರರು, ವಿರಾಜಪೇಟೆ

ಉತ್ತರ: ಸದ್ಯಕ್ಕೆ ಸಿಲಿಕಾನ್ ಫಲಕವನ್ನೇ ಕೊಳ್ಳಿ. ಪದರಗಳು ಗಾಜಿಗೆ ಸಮಾನಾಂತರವಾಗಿ ಮಲಗಿದ್ದರೆ ವಾಹಕಗಳು ಅಡ್ಡ ಓಡುತ್ತವೆ, ಮೇಲೆ ಕೆಳಗಿನ ವಿದ್ಯುದಗ್ರ ತಲುಪುವುದಿಲ್ಲ. ಬಿಸಿ ಗಾಜಿನ ಮೇಲೆ ಸುರಿದು ಪದರಗಳನ್ನು ನೆಟ್ಟಗೆ ನಿಲ್ಲಿಸಿದಾಗ 2016ರಲ್ಲಿ ಶೇ. 12.5 ದಕ್ಷತೆ ಸಿಕ್ಕಿತು, ಅದೂ ಪ್ರಯೋಗಾಲಯದ ಪುಟ್ಟ ಕೋಶದಲ್ಲಿ.

ಪ್ರಶ್ನೆ: ಉಳಿದ ದ್ರಾವಣವನ್ನು ಹೆಚ್ಚು ನೀರು ಸೇರಿಸಿ ಸಿಂಕಿಗೆ ಬಿಡಬಹುದೇ?
— ಲ್ಯಾಬ್ ಸಹಾಯಕರು, ಗೋಣಿಕೊಪ್ಪಲು

ಉತ್ತರ: ಖಂಡಿತ ಬೇಡ. ಅದರಲ್ಲಿ ಸೀಸವಿದೆ, ನಮ್ಮ ಚರಂಡಿ ನೀರು ಕೊನೆಗೆ ಸೇರುವುದು ಹೊಳೆಗೆ. ದ್ರಾವಣ, ಟಿಪ್, ಒರೆಸಿದ ಟಿಶ್ಯೂ, ಕೈಗವಸು ಎಲ್ಲವನ್ನೂ ‘ಸೀಸದ ತ್ಯಾಜ್ಯ’ ಎಂದು ಬರೆದ ಮುಚ್ಚಳದ ಡಬ್ಬಿಗಳಲ್ಲಿ, ದ್ರವ ಬೇರೆ ಘನ ಬೇರೆಯಾಗಿ ಇಟ್ಟು, ಕಾಲೇಜಿನ ಮೂಲಕ ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಅನುಮತಿ ಇರುವವರಿಗೆ ಒಪ್ಪಿಸಿ. ಕೆಲಸ ಫ್ಯೂಮ್ ಹುಡ್ ಒಳಗೇ ನಡೆಯಲಿ. ಡಿಎಂಎಫ್ ತೆಳು ನೈಟ್ರೈಲ್ ಕೈಗವಸನ್ನು ಬೇಗ ದಾಟಿ ಚರ್ಮಕ್ಕಿಳಿಯುತ್ತದೆ, ಯಕೃತ್ತಿಗೆ ಹಾನಿ ಮಾಡುತ್ತದೆ. ಹನಿ ಬಿದ್ದರೆ ಕೆಲಸ ಮುಗಿಯಲಿ ಎಂದು ಕಾಯದೆ ಆ ಕ್ಷಣವೇ ಕೈಗವಸು ಬದಲಿಸಿ, ಕೈ ತೊಳೆಯಿರಿ.