ಕಾಗದ ಸರಿಯಿಲ್ಲ, ಆಮೇಲೆ ಬನ್ನಿ

ಪ್ರ: ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳು ಮುಂಬಯಿ ಇಂಗ್ಲಿಷರ ಕೈಗೆ ಹೋದ ಕಥೆಯನ್ನು ಟಿವಿ ವಾರ್ತೆಯ ಅಣಕವಾಗಿ ಆಡಬೇಕೆಂದಿದ್ದಾರೆ. ‘ಇತಿಹಾಸ ತಮಾಷೆಯ ವಸ್ತುವಲ್ಲ’ ಅಂತ ಹಿರಿಯರೊಬ್ಬರು ಮುನಿಸಿಕೊಂಡಿದ್ದಾರೆ. ಏನು ಮಾಡೋಣ?
– ಓದುಗರೊಬ್ಬರು, ಡೊಂಬಿವಲಿ

ಉ: ಧಾರಾಳವಾಗಿ ಆಡಿಸಿ, ಆ ಹಿರಿಯರನ್ನು ಮೊದಲ ಸಾಲಿನಲ್ಲೇ ಕೂರಿಸಿ. ಆದರೆ ಇಸವಿ, ಹೆಸರು, ಮೊತ್ತ ಮಾತ್ರ ಮುಟ್ಟಬೇಡಿ. ಪೆಟ್ಟು ತಿಂದವನ ಮಾತಿದು. ಹಿಂದೊಮ್ಮೆ ಮಾಟುಂಗಾದಲ್ಲಿ ಇದೇ ಕಥೆಗೆ ನಾನು ಕೋಟು ತೊಟ್ಟು ವಾರ್ತೆ ಓದಿದ್ದೆ. 1668ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಮುಂಬಯಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಬಿಟ್ಟುಕೊಟ್ಟನಲ್ಲ, ಪೌಂಡು ಮಕ್ಕಳಿಗೆ ತಿಳಿಯದು ಅಂತ ‘10 ರೂಪಾಯಿ’ ಅಂದುಬಿಟ್ಟೆ. ಜನ ನಕ್ಕರು. ತಂಗಿಯ ಮಗ ಅದನ್ನೇ ಪರೀಕ್ಷೆಯಲ್ಲಿ ಬರೆದು ಬಂದ. ಆಮೇಲೆ ತಂಗಿಯ ಮನೆಯಲ್ಲಿ ಚಹಾದ ಜೊತೆ ನನಗೆ ಸಿಕ್ಕಿದ್ದು ಬಿಸ್ಕತ್ತಲ್ಲ!

ಸುಳ್ಳಿನ ಅಗತ್ಯವೇ ಇರಲಿಲ್ಲ. 10 ಪೌಂಡ್ ಅನ್ನುವುದನ್ನೇ ಮುಖ ಗಂಟಿಕ್ಕಿ ಓದಿ, ಕೆಳಗೆ ‘ಪಗಡಿ ಪದ್ಧತಿಗೆ (ಪುಡಿಗಾಸಿನ ಬಾಡಿಗೆಗೆ ತಲೆಮಾರುಗಟ್ಟಲೆ ಇರುವ ಮುಂಬಯಿಯ ಹಳೇ ಏರ್ಪಾಡು) ಅದ್ದೂರಿ ಚಾಲನೆ’ ಅಂತ ಒಂದು ಸಾಲು ಓಡಿಸಿದ್ದರೆ ಗಿರಗಾಂವದ ಚಾಳಿನವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಕಥೆಯನ್ನು 1661ರಿಂದ ಶುರುಮಾಡಿ. ಚಾರ್ಲ್ಸ್ ದೊರೆಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಆದ ಮದುವೆ ಒಪ್ಪಂದದಲ್ಲಿ, ಆಗ ಪೋರ್ಚುಗೀಸರ ಕೈಲಿದ್ದ ಮುಂಬಯಿ ವರದಕ್ಷಿಣೆ. ಆಫ್ರಿಕಾದ ಟಾಂಜಿಯರ್ ಊರೂ ಅದರಲ್ಲಿತ್ತು. ಹುಡುಗಿ ಕಡೆಯವರನ್ನು ಸ್ಟುಡಿಯೋದಲ್ಲಿ ಕೂರಿಸಿ ‘ಪಾತ್ರೆ-ಪಡಗ ಏನೇನು ಕೊಟ್ಟಿರಿ?’ ಅಂತ ಕೇಳಿಸಿ. ಇದು ಎರಡು ನಿಮಿಷ ಸಾಕು.

ನಿಜವಾದ ಮಜಾ ಇರುವುದು ಕಬ್ಜಾ ತೆಗೆದುಕೊಳ್ಳುವಲ್ಲಿ. 1662ರಲ್ಲಿ ಚಾರ್ಲ್ಸ್ ಕಳಿಸಿದ ಅಬ್ರಹಾಂ ಶಿಪ್‌ಮನ್ ಸೈನಿಕರ ಸಮೇತ ಬಂದರೆ, ಪೋರ್ಚುಗೀಸ್ ವೈಸ್‌ರಾಯ್ ‘ಪತ್ರ ಕ್ರಮಬದ್ಧವಾಗಿಲ್ಲ’ ಅಂತ ಊರು ಬಿಟ್ಟುಕೊಡಲೇ ಇಲ್ಲ. ಜೊತೆಗೆ, ಮುಂಬಯಿ ಪಕ್ಕದ ಸಾಷ್ಟಿ ದ್ವೀಪ ಕೊಟ್ಟಿದ್ದರಲ್ಲಿ ಸೇರಿದೆಯೋ ಇಲ್ಲವೋ ಅಂತ ಬೇರೆ ತಕರಾರು. ಸೊಸೈಟಿ ಆಫೀಸಿನಲ್ಲಿ ಎನ್‌ಓಸಿಗೆ ಅಲೆದವರು ನಿಮ್ಮ ಸಭೆಯಲ್ಲಿ ಎಷ್ಟು ಜನ ಇಲ್ಲ? ವೈಸ್‌ರಾಯ್ ಮೇಜಿನ ಮೇಲೆ ಒಂದು ರಬ್ಬರ್ ಸ್ಟ್ಯಾಂಪ್, ಆರಿದ ಚಹಾ ಇಡಿ. ಮಾತು ಕಡಿಮೆ ಸಾಕು.

ಇಲ್ಲಿ ಹುಷಾರು. ಶಿಪ್‌ಮನ್ ಪಡೆ ಕಾರವಾರದ ಪಕ್ಕದ ಅಂಜುದೀವ್ ದ್ವೀಪದಲ್ಲಿ ಕಾದು ಕೂತಿತು. ರೋಗಕ್ಕೆ ಸೈನಿಕರು ಒಬ್ಬೊಬ್ಬರಾಗಿ ಸತ್ತರು, 1664ರಲ್ಲಿ ಶಿಪ್‌ಮನ್ನೂ ಹೋದ. 1665ರ ಫೆಬ್ರುವರಿಯಲ್ಲಿ ಮುಂಬಯಿ ವಶಕ್ಕೆ ತೆಗೆದುಕೊಂಡದ್ದು ಅವನ ಕಾರ್ಯದರ್ಶಿ ಹಂಫ್ರಿ ಕುಕ್. ಅಂಜುದೀವ್ ವರದಿಗಾರನ ಬಾಯಲ್ಲಿ ಜೋಕು ಬೇಡ. ಅವನು ಇದ್ದದ್ದನ್ನು ಹೇಳಲಿ. ನಡುವೆ ಸ್ಟುಡಿಯೋದವಳು ಬಾಯಿ ಹಾಕಿ ‘ಒಂದು ಚಿಕ್ಕ ವಿರಾಮ’ ಅನ್ನಲಿ. ಜನ ನಗಲು ಹೊರಟು ಅರ್ಧಕ್ಕೇ ನಿಲ್ಲಿಸುತ್ತಾರೆ. ನಿಮ್ಮ ಹಿರಿಯರ ಮುನಿಸು ಅಲ್ಲಿಗೆ ಇಳಿಯಬಹುದು.

ಸಂಘದಲ್ಲಿ ಕಾರವಾರ ಕಡೆಯ ಹುಡುಗನಿದ್ದರೆ ಆ ವರದಿಗಾರನ ಪಾತ್ರ ಅವನಿಗೇ ಕೊಡಿ.