ಲಿವರ್ ರೈಫಲ್ ತಕರಾರು: ಮೊದಲು ಖಾಲಿ ಕೇಸು ನೋಡಿ

ಹೊಡೆದು ಮುಗಿದ ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ಹಾಕಿ ಮನೆಯಲ್ಲೇ ತೋಟೆ ತುಂಬಿಕೊಳ್ಳುವ ಅಮೆರಿಕದ ಹವ್ಯಾಸದ ಬಗ್ಗೆ ಹೋದ ಸಲ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಹೆಚ್ಚಾಗಿ ಅಲ್ಲೇ ನೆಲೆಸಿರುವ ಕನ್ನಡಿಗರದ್ದು, ಒಂದು ಮಾತ್ರ ಕೊಡಗಿನಿಂದ ಬಂದಿದೆ. ತಮಾಷೆ ಅಂದ್ರೆ ಬಹುತೇಕ ಎಲ್ಲರ ಕೈಲೂ ಇರುವುದು ಹಳೇ ಲಿವರ್ ರೈಫಲ್: ಟ್ರಿಗರ್ ಸುತ್ತಲಿನ ಹಿಡಿಕೆಯನ್ನು ಕೆಳಕ್ಕೆ ತಳ್ಳಿ ವಾಪಸ್ ಎಳೆದರೆ ಖಾಲಿ ಕೇಸು ಹಾರಿ ಹೊಸ ತೋಟೆ ಒಳಗೆ ಕೂರುತ್ತದಲ್ಲ, ಆ ಜಾತಿ. ಪೆನ್ಸಿಲ್ವೇನಿಯಾದಂಥ ಕಡೆ ಸೆಮಿ-ಆಟೊಮ್ಯಾಟಿಕ್ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗುವ ಹಾಗಿಲ್ಲ, ಹಾಗಾಗಿ ಇವಕ್ಕೆ ಇನ್ನೂ ಬೆಲೆ ಇದೆ.

ಓದುವಾಗ ಗೊಂದಲ ಬೇಡ ಅಂತ ಮೊದಲೇ ಹೇಳಿಬಿಡ್ತೀನಿ. ತೋಟೆ ಅಂದರೆ ಇಡೀ ಕಾರ್ಟ್ರಿಜ್. ಅದರ ಹಿತ್ತಾಳೆ ಕೊಳವೆ ಕೇಸು, ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಕೇಪು, ಒಳಗಿನ ಪುಡಿ ಮದ್ದು, ತುದಿಯಲ್ಲಿ ಗುಂಡು. ಕೇಸು ಮೇಲೆ ಕಿರಿದಾಗುವ ಜಾಗ ಭುಜ, ಅದರ ಮೇಲೆ ಗುಂಡನ್ನು ಹಿಡಿಯುವ ಭಾಗ ಕತ್ತು. ಬೋಲ್ಟ್ ಅಂದರೆ ನಳಿಗೆಯ ಹಿಂಬದಿ ಮುಚ್ಚುವ ತುಂಡು, ಅದನ್ನು ಕೈಯಿಂದಲೇ ಹಿಂದೆ ಮುಂದೆ ಆಡಿಸುವುದು ಬೋಲ್ಟ್ ರೈಫಲ್. 30-30, 308 ಅನ್ನುವುದು ತೋಟೆಯ ಜಾತಿಯ ಹೆಸರು.

ಪ್ರಶ್ನೆ: ಸರ್, ಪಕ್ಕದ ಮನೆಯ ಅಜ್ಜ ತಮ್ಮ ವಿಂಚೆಸ್ಟರ್ 94 ರೈಫಲನ್ನು ನನಗೆ ಮಾರಿದರು. 30-30 ತೋಟೆಯದ್ದು. ನನ್ನ 308 ಬೋಲ್ಟ್ ರೈಫಲಿಗೆ ತಂದ ಚೂಪು ಗುಂಡುಗಳು ಡಬ್ಬಿಗಟ್ಟಲೆ ಇವೆ. ಎರಡಕ್ಕೂ ಗುಂಡಿನ ದಪ್ಪ ಒಂದೇ, 0.308 ಇಂಚು. ಅದನ್ನೇ ಇದಕ್ಕೂ ತುಂಬಬಹುದಾ? (ಪೆನ್ಸಿಲ್ವೇನಿಯಾದ ಓದುಗ)

ಉತ್ತರ: ಬೇಡ. ದಪ್ಪ ಒಂದೇ ಇರಬಹುದು, ಆದರೆ ತೋಟೆಗಳು ಇರುವ ಜಾಗ ನೋಡಿ. 94ರಲ್ಲಿ ನಳಿಗೆಯ ಕೆಳಗೆ ಒಂದು ಕೊಳವೆ ಇದೆ, ಅದರೊಳಗೆ ತೋಟೆಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಅಂದರೆ ಹಿಂದಿನ ತೋಟೆಯ ಗುಂಡಿನ ಮೂತಿ ಮುಂದಿನ ತೋಟೆಯ ಕೇಪಿಗೆ ನೇರವಾಗಿ ಒತ್ತಿಕೊಂಡಿರುತ್ತದೆ. ಒಂದು ಗುಂಡು ಹೊಡೆದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಕೊಳವೆಯಲ್ಲಿ ಇರುವುದೆಲ್ಲ ಒಂದಕ್ಕೊಂದು ಗುದ್ದಿಕೊಳ್ಳುತ್ತದೆ. ಮೂತಿ ಚೂಪಾಗಿದ್ದರೆ ಅದೇ ಫೈರಿಂಗ್ ಪಿನ್ (ಕೇಪಿಗೆ ಗುದ್ದಿ ಕಿಡಿ ಹೊತ್ತಿಸುವ ಮೊಳೆ) ಆಗಿಬಿಡಬಹುದು, ಆ ಕೊಳವೆಯನ್ನು ಹಿಡಿದಿರೋದು ನಿಮ್ಮ ಎಡಗೈ. ಅದಕ್ಕೇ 30-30ಕ್ಕೆ ಅಂತ ಮಾಡಿದ ಗುಂಡುಗಳ ಮೂತಿ ಚಪ್ಪಟೆ ಅಥವಾ ಮೊಂಡು. ಹಾರ್ನಡಿ ಕಂಪನಿಯವರ ಮೆತ್ತನೆ ತುದಿಯ ಎಫ್‌ಟಿಎಕ್ಸ್ ಗುಂಡು ಬೇರೆ ವಿಚಾರ, ಅದರ ತುದಿ ಒತ್ತಿದರೆ ಬಗ್ಗುತ್ತದೆ, ಲಿವರ್ ರೈಫಲಿಗೇ ಮಾಡಿದ್ದು. ಮಾಮೂಲಿ ಗಟ್ಟಿ ಪ್ಲಾಸ್ಟಿಕ್ ತುದಿಯ ಗುಂಡು ಅದಲ್ಲ, ಬಣ್ಣ ನೋಡಿ ಮೋಸ ಹೋಗಬೇಡಿ.

ಇನ್ನೊಂದು. 308 ತೋಟೆಗೆ ಅಲ್ಲಿನ ಮಾನದಂಡದಲ್ಲಿ 62,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದವರೆಗೆ ಅವಕಾಶ ಇದೆ, 30-30ಕ್ಕೆ 42,000 ಮಾತ್ರ. ವಿಂಚೆಸ್ಟರ್ 94 ಅನ್ನೋದು 1894ರಲ್ಲಿ ಜಾನ್ ಬ್ರೌನಿಂಗ್ ಮಾಡಿಕೊಟ್ಟ ವಿನ್ಯಾಸ, ಮುಂದಿನ ವರ್ಷವೇ 30-30 ತೋಟೆ ಬಂತು, ಆಮೇಲೆ 70 ಲಕ್ಷಕ್ಕೂ ಜಾಸ್ತಿ ರೈಫಲ್ ಮಾರಾಟ ಆದವು. ಕಾಡಿನಲ್ಲಿ ನೂರು ಗಜದೊಳಗೆ ಜಿಂಕೆ ಹೊಡೆಯಲಿಕ್ಕೆ ಮಾಡಿದ್ದು ಅದು. ಚೂಪು ಗುಂಡು ಹಾಕಿ ಅದನ್ನು ಬೋಲ್ಟ್ ರೈಫಲ್ ಮಾಡಕ್ಕೆ ಹೊರಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಪ್ರಶ್ನೆ: ನನ್ನದೂ 94, 30-30. ಮೂರ್ನಾಲ್ಕು ಸಲ ತುಂಬಿದ ಮೇಲೆ ಕೇಸಿನ ತಳದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಬೀಳ್ತಿದೆ. ಮೊನ್ನೆ ಒಂದು ಅಲ್ಲೇ ಅರ್ಧ ಸೀಳಿತ್ತು. ರೈಫಲ್ ಸವೆದಿದೆಯಾ, ಮಾರಿಬಿಡಲಾ? (ಮಿಷಿಗನ್)

ಉತ್ತರ: ಮಾರುವ ಮಾತು ಆಮೇಲೆ. ಆ ಗೆರೆ ಕಂಡ ಕೇಸುಗಳನ್ನೆಲ್ಲ ಮೊದಲು ಗುಜರಿಗೆ ಹಾಕಿ, ಇನ್ನೊಂದು ಸಲ ನೋಡೋಣ ಅನ್ನೋದು ಬೇಡವೇ ಬೇಡ. ಪೂರ್ತಿ ಸೀಳಿದರೆ ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆಗೇ ಬರುವುದು. ಕನ್ನಡಕ ಹಾಕದೆ ಹೊಡೆಯುವವರು ಈಗಲೇ ಒಂದು ಕೊಂಡುಕೊಳ್ಳಿ.

ಈಗ ಕಾರಣ. 30-30 ಕೇಸಿನ ತಳದಲ್ಲಿ ಅಂಚು ಇದೆ, ಆ ಅಂಚು ನಳಿಗೆಯ ಹಿಂಬದಿಗೆ ತಾಗಿ ನಿಲ್ಲುವುದರಿಂದ ತೋಟೆ ಮುಂದೆ ಜಾರುವುದಿಲ್ಲ. ಅಂಚಿಗೂ ಬೋಲ್ಟಿಗೂ ನಡುವೆ ಒಂಚೂರು ಜಾಗ ಇದ್ದೇ ಇರುತ್ತದೆ. ಗುಂಡು ಹೊಡೆದಾಗ ಫೈರಿಂಗ್ ಪಿನ್ ತೋಟೆಯನ್ನು ಮುಂದಕ್ಕೆ ತಳ್ಳುತ್ತದೆ, ಒತ್ತಡ ಏರಿದಾಗ ಕೇಸಿನ ಮುಂಭಾಗದ ತೆಳು ಗೋಡೆ ಊದಿ ನಳಿಗೆಯನ್ನು ಕಚ್ಚಿಕೊಳ್ಳುತ್ತದೆ, ದಪ್ಪ ತಳ ಮಾತ್ರ ಬೋಲ್ಟ್ ಸಿಗುವ ತನಕ ಹಿಂದಕ್ಕೆ ಹೋಗುತ್ತದೆ. ಮಧ್ಯದ ಹಿತ್ತಾಳೆ ಎಳೆದುಕೊಳ್ಳಲೇಬೇಕು, ನಿಮ್ಮ ಹೊಳೆಯುವ ಗೆರೆ ಅದೇ. ಸಾಲದ್ದಕ್ಕೆ 94ರಲ್ಲಿ ಬೋಲ್ಟನ್ನು ಮುಚ್ಚಿ ಹಿಡಿಯುವ ಬೀಗ ಇರುವುದು ಬೋಲ್ಟಿನ ಹಿಂದೆ, ಹೊಸ ಬೋಲ್ಟ್ ರೈಫಲಿನ ಹಾಗೆ ಮುಂದೆ ಅಲ್ಲ, ಅದಕ್ಕೇ ಇಡೀ ವ್ಯವಸ್ಥೆ ಸ್ವಲ್ಪ ಬಳುಕುತ್ತದೆ.

ಆದರೆ ಕೇಸುಗಳು ಇಷ್ಟು ಬೇಗ ಸೀಳುವುದಕ್ಕೆ ಬಹಳ ಸಲ ರೈಫಲಿಗಿಂತ ನಿಮ್ಮ ಸೈಜಿಂಗ್ ಡೈ (ಊದಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಕಾರಣ. ಪೆಟ್ಟಿಗೆಯ ಕಾಗದದಲ್ಲಿ ಬರೆದ ಹಾಗೆ ಡೈಯನ್ನು ಶೆಲ್‌ಹೋಲ್ಡರಿಗೆ (ಕೇಸಿನ ತಳ ಹಿಡಿಯುವ ತುಂಡು) ತಾಗುವ ತನಕ ಇಳಿಸಿ, ಅದರ ಮೇಲೂ ಇನ್ನೊಂಚೂರು ಕೆಳಕ್ಕೆ ತಿರುಗಿಸಿದ್ದೀರಿ ಅಲ್ವಾ? ಹಾಗೆ ಮಾಡಿದರೆ ಕೇಸಿನ ಭುಜ ಪ್ರತಿ ಸಲ ಹಿಂದಕ್ಕೆ ಹೋಗುತ್ತದೆ, ಹೊಡೆದಾಗ ಮತ್ತೆ ಮುಂದಕ್ಕೆ ಬರುತ್ತದೆ, ಹಿತ್ತಾಳೆ ಪ್ರತಿ ಸಲ ಎಳೆಯುತ್ತದೆ. ಡೈಯನ್ನು ಸ್ವಲ್ಪ ಮೇಲೆತ್ತಿ. ನಿಮ್ಮ ರೈಫಲಿನಲ್ಲೇ ಹೊಡೆದ ಕೇಸಿನ ಕತ್ತು ಮತ್ತು ಭುಜಕ್ಕೆ ಮಾರ್ಕರ್ ಮಸಿ ಬಳಿದು ಡೈಗೆ ಹಾಕಿ, ಮಸಿ ಎಲ್ಲಿಯವರೆಗೆ ಉಜ್ಜಿಹೋಗಿದೆ ನೋಡಿ, ಭುಜಕ್ಕೆ ಬರೀ ಸೋಕಿದಷ್ಟಾದರೆ ಸಾಕು. ಕೇಸನ್ನು ರೈಫಲಿಗೆ ಹಾಕಿ ಲಿವರ್ ಮುಚ್ಚಿ, ಸಲೀಸಾಗಿ ಮುಚ್ಚಬೇಕು. ಬರೀ ಕತ್ತು ಮಾತ್ರ ಸೈಜ್ ಮಾಡಿದರೆ ಆಗಲ್ವಾ ಅಂತ ಕೇಳ್ತಾರೆ. ಒಂದೆರಡು ಸಲ ಆಗುತ್ತದೆ, ಆಮೇಲೆ ಕೇಸು ಬಿಗಿಯಾಗುತ್ತದೆ. ಬಿಗಿ ತೋಟೆಯನ್ನು ಒಳಗೆ ತುರುಕುವ ಬಲ ಬೋಲ್ಟ್ ರೈಫಲಿಗೆ ಇದೆ, ಲಿವರ್ ರೈಫಲಿಗೆ ಇಲ್ಲ. ಜಿಂಕೆ ಎದುರು ನಿಂತಾಗ ಲಿವರ್ ಅರ್ಧಕ್ಕೆ ನಿಂತರೆ ನಿಮ್ಮ ಉಳಿತಾಯ ಯಾರಿಗೆ ಬೇಕು?

ಒಳಗೆ ಪರೀಕ್ಷೆ ಮಾಡಲು ಪೇಪರ್ ಕ್ಲಿಪ್ ನೇರ ಮಾಡಿ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಚೂಪು ಮಾಡಿ, ಕೇಸಿನ ಒಳಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ತಳದ ಹತ್ತಿರ ತಂತಿ ತಗ್ಗಿಗೆ ಸಿಕ್ಕಿಕೊಂಡರೆ ಆ ಕೇಸು ಮುಗಿಯಿತು. ಕಣ್ಣಿಗೆ ಗೆರೆ ಕಾಣುವ ಮುಂಚೆಯೇ ಇದು ಹೇಳಿಬಿಡುತ್ತದೆ.

ರೈಫಲ್ ನಿಜವಾಗಲೂ ಸವೆದಿದೆಯಾ ಅಂತ ಸುಳಿವು ಬೇಕಾದರೆ ಕೇಪು ನೋಡಿ. ಕಡಿಮೆ ಒತ್ತಡದ ತೋಟೆ ಹೊಡೆದ ಮೇಲೆ ಕೇಪು ತಳದಿಂದ ಹೊರಗೆ ಉಬ್ಬಿ ನಿಂತಿದ್ದರೆ, ಬೋಲ್ಟಿಗೂ ಕೇಸಿಗೂ ನಡುವಿನ ಜಾಗ ಹೆಚ್ಚೂಕಡಿಮೆ ಅಷ್ಟು ಅಂತ ಲೆಕ್ಕ. ಹೊಸ ಕಾರ್ಖಾನೆ ತೋಟೆಯಲ್ಲೂ ಹಾಗೇ ಆದರೆ ಗನ್‌ಸ್ಮಿತ್ ಹತ್ತಿರ ಹೋಗಿ ಹೆಡ್‌ಸ್ಪೇಸ್ ಗೇಜ್ (ಆ ಜಾಗ ಅಳೆಯುವ ಸಾಧನ) ಹಾಕಿಸಿ, ಅದು ಮನೆ ರಿಪೇರಿ ಅಲ್ಲ. ಕತ್ತಿನಲ್ಲಿ ಉದ್ದುದ್ದಕ್ಕೆ ಬಿರುಕು ಬಂದರೆ ಅದರ ಕಾರಣ ಬೇರೆ, ಹಿತ್ತಾಳೆ ಪದೇ ಪದೇ ಬಗ್ಗಿ ಗಡುಸಾಗಿದೆ ಅಷ್ಟೇ. ಅಪಾಯ ಕಡಿಮೆ, ಆದರೂ ಎಸೆಯಿರಿ.

ಪ್ರಶ್ನೆ: ನನ್ನ 30-30ಕ್ಕೆ ಹತ್ತು ತೋಟೆ ತುಂಬಿದರೆ ಎರಡು ಮೂರು ಒಳಗೇ ಹೋಗಲ್ಲ. ಕೆಲವದರಲ್ಲಿ ಗುಂಡು ನಳಿಗೆ ಕೆಳಗಿನ ಕೊಳವೆಯಲ್ಲೇ ಹಿಂದಕ್ಕೆ ಜಾರಿ ಕೇಸಿನೊಳಗೆ ಇಳಿದಿರುತ್ತದೆ. (ವಿಸ್ಕಾನ್ಸಿನ್‌ನ ಓದುಗರೊಬ್ಬರು)

ಉತ್ತರ: ಎರಡಕ್ಕೂ ಮೂಲ ಒಂದೇ, ಕ್ರಿಂಪ್, ಅಂದರೆ ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಮಡಚುವುದು. ಕೊಳವೆಯ ಸ್ಪ್ರಿಂಗ್ ಒಂದು ಕಡೆಯಿಂದ ತಳ್ಳುತ್ತಿರುತ್ತದೆ, ಒದೆತ ಇನ್ನೊಂದು ಕಡೆಯಿಂದ, ಹಾಗಾಗಿ ಕೇಸಿನ ಬಾಯಿ ಗುಂಡಿನ ಸುತ್ತಲಿನ ಗೀರಿಗೆ ಮಡಚಿ ಹಿಡಿದಿರಲೇಬೇಕು. ಆದರೆ 30-30 ಕೇಸಿನ ಕತ್ತು ಬಹಳ ತೆಳು. ಗುಂಡು ಕೂರಿಸುವುದು, ಬಾಯಿ ಮಡಚುವುದು ಎರಡನ್ನೂ ಒಂದೇ ಏಟಿಗೆ ಮಾಡಿದರೆ, ಬಾಯಿ ಗುಂಡನ್ನು ಕಚ್ಚಿದ ಮೇಲೂ ಗುಂಡು ಇಳಿಯುತ್ತಲೇ ಇರುತ್ತದೆ, ಭುಜ ಕುಸಿದು ಹೊರಗೆ ಉಬ್ಬುತ್ತದೆ. ಕಣ್ಣಿಗೆ ಕಾಣದಷ್ಟೇ ಉಬ್ಬಿದ್ದರೂ ತೋಟೆ ಒಳಗೆ ಹೋಗುವುದಿಲ್ಲ. ಎರಡೂ ಕೆಲಸ ಬೇರೆ ಬೇರೆ ಮಾಡಿ.

ಮತ್ತೆ, ಕೇಸುಗಳ ಉದ್ದ ಒಂದೇ ಸಮ ಇದೆಯಾ ಅಂತ ಅಳೆದಿದ್ದೀರಾ? ಗರಿಷ್ಠ 2.039 ಇಂಚು. ಒಂದು ಉದ್ದ, ಒಂದು ಗಿಡ್ಡ ಇದ್ದರೆ ಒಂದಕ್ಕೆ ಕ್ರಿಂಪ್ ಜಾಸ್ತಿ, ಇನ್ನೊಂದಕ್ಕೆ ಇಲ್ಲವೇ ಇಲ್ಲ. ಹತ್ತರಲ್ಲಿ ಎರಡು ಮೂರು ಮಾತ್ರ ಕೆಡುತ್ತಿದೆ ಅನ್ನುವುದೇ ಇದರ ಸಾಕ್ಷಿ ಅಂತ ನನ್ನ ಅನುಮಾನ. ಎಲ್ಲ ಒಂದೇ ಉದ್ದಕ್ಕೆ ಕತ್ತರಿಸಿ, ಬಾಯಿಯ ಒಳ ಅಂಚನ್ನು ಸ್ವಲ್ಪ ಸವರಿ. ಪೂರ್ತಿ ತೋಟೆಯ ಉದ್ದ 2.550 ಇಂಚು ದಾಟಬಾರದು. ಗುಂಡು ಒಳಗೆ ಇಳಿದ ತೋಟೆಯನ್ನು ಹೊಡೆಯಬೇಡಿ, ಒಳಗಿನ ಜಾಗ ಕಡಿಮೆ ಆದಷ್ಟೂ ಒತ್ತಡ ಏರುತ್ತದೆ. ತುಂಬಿದ ಮೇಲೆ ಪ್ರತಿ ತೋಟೆಯ ತಳದ ಮೇಲೆ ಬೆರಳು ಸವರಿ, ಕೇಪು ತಳಕ್ಕಿಂತ ಮೇಲೆ ಇದ್ದರೆ ಕೊಳವೆಗೆ ಹಾಕಲೇಬೇಡಿ.

ಪ್ರಶ್ನೆ: ಅಣ್ಣಾ, ನನ್ನ ಹತ್ತಿರ ಮಾರ್ಲಿನ್ 336 ಇದೆ. ಲಿವರ್ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ತೋಟೆ ಎಲ್ಲಾ ಸರಿ ಇದೆ, ಅಂಗಡಿಯದ್ದೇ. (ಒರೆಗಾನ್)

ಉತ್ತರ: ಕಾರ್ಖಾನೆ ತೋಟೆಯಲ್ಲೂ ಹೀಗಾದರೆ ಈ ಸಲ ತಪ್ಪು ರೈಫಲಿನದ್ದೇ. ಇದು ಎಷ್ಟು ಮಾಮೂಲಿ ಅಂದ್ರೆ ಅಲ್ಲಿ ಇದಕ್ಕೆ ಮಾರ್ಲಿನ್ ಜ್ಯಾಮ್ ಅಂತಲೇ ಹೆಸರಿದೆ. ತೋಟೆಯನ್ನು ಮೇಲೆತ್ತುವ ಕ್ಯಾರಿಯರ್ ಅನ್ನುವ ತುಂಡಿನ ಮೇಲೆ ಲಿವರಿನ ಒಂದು ಚೂಪು ಅಂಚು ವರ್ಷಗಟ್ಟಲೆ ಉಜ್ಜಿ ತಗ್ಗು ಮಾಡಿರುತ್ತದೆ. ಆಗ ಕ್ಯಾರಿಯರ್ ಸರಿಯಾದ ಹೊತ್ತಿಗೆ ಸರಿಯಾದ ಎತ್ತರಕ್ಕೆ ಬರುವುದಿಲ್ಲ, ಎರಡನೇ ತೋಟೆ ಕೊಳವೆಯಿಂದ ಸ್ವಲ್ಪ ಹೊರಗೆ ಬಂದು ಕ್ಯಾರಿಯರ್ ಕೆಳಗೆ ತೂರಿಕೊಳ್ಳುತ್ತದೆ. ಎಲ್ಲವೂ ಲಾಕ್.

ಸಿಕ್ಕಿಕೊಂಡಾಗ ಲಿವರನ್ನು ಗುದ್ದಬೇಡಿ, ಒಳಗೆ ಜೀವಂತ ತೋಟೆ ಇದೆ. ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಲೋಡ್ ಮಾಡುವ ಬಾಗಿಲನ್ನು ಒತ್ತಿ, ಸಣ್ಣದೊಂದು ಕಡ್ಡಿಯಿಂದ ಎರಡನೇ ತೋಟೆಯ ಅಂಚನ್ನು ಮೆಲ್ಲಗೆ ಕೊಳವೆಯೊಳಕ್ಕೆ ವಾಪಸ್ ತಳ್ಳಲು ನೋಡಿ. ಆಗದಿದ್ದರೆ ಗನ್‌ಸ್ಮಿತ್. ರಿಪೇರಿ ಅಂದರೆ ಲಿವರಿನ ಆ ಚೂಪು ಅಂಚನ್ನು ನುಣ್ಣಗೆ ಮಾಡಿ, ಕ್ಯಾರಿಯರ್ ಬದಲಿಸುವುದು ಅಥವಾ ಅದರ ತಗ್ಗು ತುಂಬಿಸುವುದು. ಅಂಚನ್ನು ಹಾಗೇ ಬಿಟ್ಟು ಬರೀ ಕ್ಯಾರಿಯರ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ, ಕೊಡುವಾಗಲೇ ಹೇಳಿ. ಇದೆಲ್ಲಕ್ಕೂ ಮುಂಚೆ ಸ್ಕ್ರೂಗಳು ಸಡಿಲ ಆಗಿವೆಯಾ ನೋಡಿ, ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಸ್ಕ್ರೂಡ್ರೈವರ್ ತುದಿ ಕಂಡಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸ್ಕ್ರೂ ತಲೆ ಹರಿದು ರೈಫಲಿನ ಅಂದ ಕೆಡುತ್ತದೆ.

ಪ್ರಶ್ನೆ: ಹಳೇ ಸಾಮಾನು ಮಾರುವ ಮನೆಯೊಂದರಲ್ಲಿ ರೀಲೋಡಿಂಗ್ ಪ್ರೆಸ್ (ತೋಟೆ ತುಂಬುವ ಯಂತ್ರ), ಡೈಗಳು, ಜೊತೆಗೆ ಅರ್ಧ ತುಂಬಿದ ಮೂರು ಮದ್ದಿನ ಡಬ್ಬಿ ಸಿಕ್ಕವು. ಒಂದರ ಮೇಲೆ 4895 ಅಂತ ಪೆನ್ಸಿಲಿನಲ್ಲಿ ಬರೆದಿದೆ. ಬಳಸಲಾ? (ಓಹಾಯೋ)

ಉತ್ತರ: ಪ್ರೆಸ್ ಇಟ್ಟುಕೊಳ್ಳಿ, ಮದ್ದು ಬೇಡ. ತೆರೆದ ಡಬ್ಬಿಯೊಳಗೆ ಯಾರು ಏನು ಸುರಿದಿದ್ದಾರೋ ಯಾರಿಗೆ ಗೊತ್ತು. ಪೆನ್ಸಿಲ್ ಬರಹ ನಿಜವೇ ಇರಬಹುದು, ಆದರೂ ಐಎಂಆರ್ 4895 ಅನ್ನುವ ಮದ್ದು ಬೇರೆ, ಎಚ್ 4895 ಬೇರೆ. ಸಂಖ್ಯೆ ಒಂದೇ, ಅಳತೆ ಒಂದೇ ಅಲ್ಲ. ಹುಳಿ ಹುಳಿ ವಾಸನೆ ಬಂದರೆ ಅಥವಾ ಕೆಂಪು ಧೂಳು ಕಂಡರೆ ಮದ್ದು ಕೊಳೆಯುತ್ತಿದೆ ಅಂತ ಅರ್ಥ, ಅದನ್ನು ಮನೆಯೊಳಗೆ ಇಡಲೂಬೇಡಿ. ಮದ್ದಿನ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಯಾರು ಕೇಳಿದರೂ. ಮದ್ದು ಮಾಡುವ ಕಂಪನಿಯ ಈಗಿನ ಕೈಪಿಡಿ ನೋಡಿ, ಅದರಲ್ಲಿ ಕೊಟ್ಟ ಕನಿಷ್ಠ ಅಳತೆಯಿಂದ ಶುರು ಮಾಡಿ.

ಪ್ರಶ್ನೆ: ಸ್ಯಾವೇಜ್ 99 ಅನ್ನುವ ಲಿವರ್ ರೈಫಲಿಗೂ ಚಪ್ಪಟೆ ಗುಂಡೇ ಬೇಕಾ?

ಉತ್ತರ: ಬೇಡ. ಅದರಲ್ಲಿ ತೋಟೆಗಳು ಸುತ್ತುವ ಮ್ಯಾಗಜೀನಿನಲ್ಲಿ ಅಕ್ಕಪಕ್ಕ ಕೂರುತ್ತವೆ, ಮೂತಿ ಯಾವ ಕೇಪಿಗೂ ತಾಗಲ್ಲ. ಕಡೆಕಡೆಗೆ ಬಂದ ಕೆಲವು 99ಗಳಲ್ಲಿ ಕಳಚುವ ಮ್ಯಾಗಜೀನ್ ಇದೆ, ಅದಕ್ಕೂ ಇದೇ ಮಾತು. ಬೀಗ ಮಾತ್ರ ಇಲ್ಲೂ ಹಿಂದೆಯೇ, ಕೇಸು ಎಳೆಯುವ ಕಾಟ ಇದ್ದೇ ಇದೆ. ಮಿಷಿಗನ್‌ನವರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯ, ನಿಮ್ಮ ತೋಟೆಗೆ ಅಂಚು ಇಲ್ಲದಿದ್ದರೆ ಅಂಚಿನ ವಿಚಾರ ಒಂದು ಬಿಟ್ಟು.

ಪ್ರಶ್ನೆ: ನಾವು ಕೊಡವರು. ತಾತನ ಕಾಲದ ತೋಟೆಕೋವಿ ಮನೆಯಲ್ಲಿದೆ. ನಮಗೆ ಲೈಸೆನ್ಸ್ ಬೇಡ ಅಂತಾರಲ್ಲ, ಹಾಗಾದರೆ ನಾವೂ ಮನೆಯಲ್ಲಿ ತೋಟೆ ತುಂಬಬಹುದಾ? (ವಿರಾಜಪೇಟೆ ಕಡೆಯವರು)

ಉತ್ತರ: ಇದು ಎರಡು ಬೇರೆ ವಿಷಯ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಕೆ ಅದೇ ಕಾಯ್ದೆಯ 5ನೇ ಸೆಕ್ಷನ್ನಿಗೆ ಬರುತ್ತದೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಅಡ್ಡಿಯಿಲ್ಲದ ಹವ್ಯಾಸ ಇಲ್ಲಿ ಪೊಲೀಸ್ ಕೇಸಾಗುತ್ತದೆ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿ ಮುಗಿದ ಮಾತು. ಅನುಮಾನ ಇದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ತೋಟೆಯನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ. ತಾತನ ಕೋವಿಗೆ ಈಗಿನ ತೋಟೆ ಹಾಕುವ ಮೊದಲು ಅದರ ನಳಿಗೆ, ಬೀಗ ಎರಡನ್ನೂ ತಿಳಿದವರಿಗೆ ತೋರಿಸಿ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ದಿನ ಪೂಜೆಗಿಟ್ಟು ತೆಂಗಿನಕಾಯಿಗೆ ಹೊಡೆಯುವುದಕ್ಕಾದರೂ ಈ ತಪಾಸಣೆ ಬೇಕೇ ಬೇಕು.