ಯುದ್ಧದ ಸಿನಿಮಾ ಪಾಠಕ್ಕೆ ಒಳ್ಳೆಯದೇ, ಆದರೆ ಒಂಬತ್ತು ಬೇಡ

ನಮಸ್ಕಾರ,

ನಿಮ್ಮ ಲೇಖನ ಓದಿದೆ. ಎಂಬಿಎ ಮಕ್ಕಳಿಗೆ ಯುದ್ಧದ ಸಿನಿಮಾ ತೋರಿಸಿ ನಾಯಕತ್ವ, ಲಿಂಗ ಸಮಾನತೆ, ವೈವಿಧ್ಯ ಕಲಿಸಬಹುದು ಅಂತ ಬರೆದಿದ್ದೀರಿ. ವಿಷಯ ತುಂಬಾ ಹಿಡಿಸಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಒಂಬತ್ತು ಸಿನಿಮಾ ಹೆಸರಿಸಿದ್ದೀರಿ. ಪ್ರತಿಯೊಂದಕ್ಕೂ ಒಂದು ಪ್ಯಾರಾ ಕಥೆ, ಕೊನೆಗೆ 'ಇದರಿಂದ ಧೈರ್ಯ ಕಲಿಯಬಹುದು', 'ಇದರಿಂದ ಒಗ್ಗಟ್ಟು ಕಲಿಯಬಹುದು' ಅಂತ ಒಂದು ಸಾಲು. ಹೀಗೆ ಬರೆಯಲು ಸಿನಿಮಾ ನೋಡಲೇಬೇಕು ಅಂತಿಲ್ಲ, ಅಲ್ವಾ?

1949ರ 'ಟ್ವೆಲ್ವ್ ಓ ಕ್ಲಾಕ್ ಹೈ' ತಗೊಳ್ಳಿ. ಅಮೆರಿಕದ ಸೇನೆಯಲ್ಲೂ ಬಿಸಿನೆಸ್ ಸ್ಕೂಲುಗಳಲ್ಲೂ ನಾಯಕತ್ವದ ಪಾಠಕ್ಕೆ ಬಹಳ ಬಳಸಿದ ಸಿನಿಮಾ ಇದು. ಹುಡುಗರನ್ನು ಜಾಸ್ತಿ ಹಚ್ಚಿಕೊಂಡ ಕಮಾಂಡರನನ್ನು ತೆಗೆದ ಮೇಲೆ ಜನರಲ್ ಸ್ಯಾವೇಜ್ ಬಂದು ಶಿಸ್ತು ತರುತ್ತಾನೆ, ಎರಡನೇ ಮಹಾಯುದ್ಧದ ಆ ಬಾಂಬರ್ ವಿಮಾನಗಳ ತಂಡ ಚೇತರಿಸಿಕೊಳ್ಳುತ್ತದೆ. ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. ಆದರೆ ಕೊನೆಯಲ್ಲಿ ಅದೇ ಸ್ಯಾವೇಜ್ ವಿಮಾನ ಹತ್ತಲು ಕೈ ಹಾಕುತ್ತಾನೆ, ಮೈ ಮೇಲೇಳುವುದಿಲ್ಲ, ಆಮೇಲೆ ವಿಮಾನಗಳು ವಾಪಸ್ ಬರುವವರೆಗೂ ಮಾತಿಲ್ಲದೆ ಕುರ್ಚಿಯಲ್ಲಿ ಕೂತಿರುತ್ತಾನೆ. ಅದನ್ನು ಬಿಟ್ಟು 'ಕಟ್ಟುನಿಟ್ಟಿನಿಂದ ಗೆಲುವು' ಅಂದರೆ ಮಕ್ಕಳಿಗೆ ಅರ್ಧ ಪಾಠ ಹೇಳಿದ ಹಾಗೆ.

ನಿಮ್ಮ ನಿಜವಾದ ಲೇಖನ ಇರುವುದು 'ಗ್ಲೋರಿ'ಯಲ್ಲಿ (1989). ಗುಲಾಮಗಿರಿಯ ವಿಷಯಕ್ಕೆ ಉತ್ತರ, ದಕ್ಷಿಣದ ರಾಜ್ಯಗಳು ಬಡಿದಾಡಿದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಕಡೆ ಹೋರಾಡಿದ ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಕಥೆ. ಸಂಬಳದ ದೃಶ್ಯಕ್ಕೆ ನೀವು ಎರಡೇ ಸಾಲು ಕೊಟ್ಟಿದ್ದೀರಿ. ಬಿಳಿ ಸೈನಿಕರಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10. ಈ ಸಂಬಳ ಬೇಡ ಅಂತ ಸೈನಿಕರು ಸಂಬಳದ ಚೀಟಿ ಹರಿಯುತ್ತಾರೆ, ರೆಜಿಮೆಂಟಿನ ಮುಖ್ಯಸ್ಥ, ಬಿಳಿಯ ಕರ್ನಲ್ ಶಾ ತನ್ನದನ್ನೂ ಹರಿಯುತ್ತಾನೆ, ಎಲ್ಲರೂ ಖುಷಿಯಿಂದ ಕೂಗುತ್ತಾರೆ. ನೀವೂ ಕರ್ನಲ್‌ನನ್ನು ಮೆಚ್ಚಿ ಮುಂದೆ ಹೋಗಿಬಿಟ್ಟಿದ್ದೀರಿ.

ಇತಿಹಾಸವನ್ನು ಪಕ್ಕದಲ್ಲಿಟ್ಟು ನೋಡಿ. ಆ 10 ಡಾಲರಿನಲ್ಲೂ ಬಟ್ಟೆಗೆ ಅಂತ 3 ಕಡಿತ, ಕೈಗೆ ಸಿಗುತ್ತಿದ್ದದ್ದು 7. ಶಾ 1863ರ ಜುಲೈ 18ರಂದು ದಕ್ಷಿಣದವರ ವಾಗ್ನರ್ ಕೋಟೆಯ ಮೇಲಿನ ದಾಳಿಯಲ್ಲಿ ಸತ್ತ. ಅವನು ಹೋದ ಮೇಲೂ ಸೈನಿಕರು ತಿಂಗಳುಗಟ್ಟಲೆ ಸಂಬಳ ಮುಟ್ಟಲಿಲ್ಲ, ಊರಲ್ಲಿ ಹೆಂಡತಿ ಮಕ್ಕಳು ಕಷ್ಟಪಟ್ಟರೂ ಪಟ್ಟು ಬಿಡಲಿಲ್ಲ, ಉಳಿದ ದುಡ್ಡು ನಾವು ತುಂಬಿಕೊಡುತ್ತೇವೆ ಅಂತ ಮ್ಯಾಸಚೂಸೆಟ್ಸ್ ರಾಜ್ಯವೇ ಮುಂದೆ ಬಂದರೂ ಬೇಡ ಅಂದರು. ಕೇಂದ್ರ ಸರ್ಕಾರ ತಮ್ಮನ್ನು ಸಮ ಅಂತ ಒಪ್ಪಲಿ ಅನ್ನುವುದು ಅವರ ಹಟ. ಇದೇ ವಿಷಯಕ್ಕೆ ಪ್ರತಿಭಟಿಸಿದ ಇನ್ನೊಂದು ರೆಜಿಮೆಂಟಿನ ಸಾರ್ಜೆಂಟ್ ವಿಲಿಯಂ ವಾಕರ್‌ನನ್ನು 1864ರ ಫೆಬ್ರವರಿಯಲ್ಲಿ ದಂಗೆಯ ಆರೋಪ ಹೊರಿಸಿ ಗುಂಡಿಟ್ಟು ಕೊಂದರು. ಸಮಾನ ಸಂಬಳದ ಕಾನೂನು ಬಂದದ್ದು ಆ ವರ್ಷದ ಜೂನ್‌ನಲ್ಲಿ.

ಹಾಗಾದರೆ ಇಲ್ಲಿ ನಾಯಕ ಯಾರು? ತರಗತಿಯಲ್ಲಿ ಕೇಳಬೇಕಾದದ್ದು ಇದು. ಕೇಳಿದ ಮೇಲೆ ಮಕ್ಕಳು ಏನಂದರು ಅನ್ನುವುದನ್ನೂ ಬರೆಯಿರಿ.

'ಗ್ಲೋರಿಯಲ್ಲಿ ಹೆಂಗಸರಿಲ್ಲ, ಆದ್ದರಿಂದ ಲಿಂಗ ಸಮಾನತೆಗೆ ಬೇರೆ ಸಿನಿಮಾ' ಅಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಸಿನಿಮಾದಲ್ಲಿ ದಕ್ಷಿಣದವರ ಡೇರಿಯನ್ ಊರಿಗೆ ಬೆಂಕಿ ಇಡಿಸುವ ಕರ್ನಲ್ ಮಾಂಟ್ಗಮರಿ ಇದ್ದಾನಲ್ಲ, ಅದೇ ಮಾಂಟ್ಗಮರಿ ಅದೇ 1863ರ ಜೂನ್ ಮೊದಲಲ್ಲಿ ದಕ್ಷಿಣ ಕ್ಯಾರೊಲೈನಾದ ಕಂಬಾಹೀ ನದಿಯ ದಾಳಿಗೆ ಹೋದಾಗ ಜೊತೆಗಿದ್ದು ದಾರಿ ತೋರಿಸಿದವಳು ಹ್ಯಾರಿಯೆಟ್ ಟಬ್‌ಮನ್. ತಾನೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವಳು. ಆ ದಾಳಿಯಲ್ಲಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು. ಸಿನಿಮಾಕ್ಕೆ ಅವನು ಬೇಕಾದ, ಅವಳು ಬೇಡವಾದಳು. ಯಾಕೆ ಅಂತ ಮಕ್ಕಳೇ ವಾದ ಮಾಡಲಿ.

ಉಳಿದ ಏಳು ಸಿನಿಮಾ ತೆಗೆಯಿರಿ. 'ಸಬಲೀಕರಣ', 'ಒಳಗೊಳ್ಳುವಿಕೆ' ಥರದ ಪದಗಳನ್ನು ಆದಷ್ಟು ಬಿಡಿ, ಸುಮ್ನೆ ನಡೆದದ್ದನ್ನು ಬರೆಯಿರಿ. ಸಾವಿರದ ಇನ್ನೂರು ಪದ ಸಾಕು. ಸಂಬಳದ ದೃಶ್ಯದಿಂದಲೇ ಶುರು ಮಾಡಿ, ಮುಂದಿನ ತಿಂಗಳು ಕಳಿಸಿ. ನಾನೇ ಓದುತ್ತೇನೆ.